ಕೊಲೆಯನ್ನು ಕಣ್ಣಾರೆ ನೋಡದ ಮಕ್ಕಳ ಓದಿಗೂ ಪೆಟ್ಟು ಬೀಳುವುದೇಕೆ?

ನೋಡಿರಲೇಬೇಕೆಂದಿಲ್ಲ. ಮನೆಯ ಹತ್ತಿರ ಕೊಲೆಯಾಗಿದೆ ಎಂಬ ಸುದ್ದಿ, ಸುತ್ತಲಿನವರ ಆತಂಕ ಸಾಕು. ಮಗುವಿನ ಗಮನ ಪಾಠ ಬಿಟ್ಟು ಅಪಾಯದ ಕಡೆ ತಿರುಗುತ್ತದೆ.

ಸಮಾಜಶಾಸ್ತ್ರಜ್ಞ ಪ್ಯಾಟ್ರಿಕ್ ಶಾರ್ಕಿ 2010ರಲ್ಲಿ ಶಿಕಾಗೊದ ಕಪ್ಪುವರ್ಣೀಯ ಮಕ್ಕಳ ಬಗ್ಗೆ ಇದನ್ನೇ ತೋರಿಸಿದರು. ನೆರೆಯಲ್ಲಿ ಕೊಲೆ ನಡೆದ ಒಂದು ವಾರದೊಳಗೆ ಪರೀಕ್ಷೆಗೆ ಕೂತವರು ಓದಿನಲ್ಲೂ ಪದಜ್ಞಾನದಲ್ಲೂ ಗಣನೀಯವಾಗಿ ಕಡಿಮೆ ಅಂಕ ಪಡೆದರು. ಹೋಲಿಸಿದ್ದು ಅದೇ ಪ್ರದೇಶದಲ್ಲಿ ಬೇರೆ ಸಮಯದಲ್ಲಿ ಪರೀಕ್ಷೆಗೆ ಕೂತ ಮಕ್ಕಳ ಜೊತೆ. ಹಾಗಾಗಿ ಬಡತನ, ಕೆಟ್ಟ ಶಾಲೆ ಎಂದು ತಳ್ಳಿಹಾಕುವಂತಿಲ್ಲ. ನನಗೆ ಈ ಅಧ್ಯಯನದ ನಿಜವಾದ ಬಲ ಕಾಣುವುದು ಇಲ್ಲೇ.

ಕಾರಣ ಇಷ್ಟು: ಅಪಾಯದ ಸುಳಿವು ಸಿಕ್ಕಾಗ ಮಿದುಳಿನಲ್ಲಿ ಭಯವನ್ನು ಗುರುತಿಸುವ ಅಮಿಗ್ಡಲಾ ಎಂಬ ಭಾಗ ಚುರುಕಾಗುತ್ತದೆ, ಕಾರ್ಟಿಸಾಲ್‌ನಂಥ ಒತ್ತಡದ ಹಾರ್ಮೋನುಗಳು ಏರುತ್ತವೆ. ನಿದ್ದೆ ಕೆಡುತ್ತದೆ, ಓದಿದ್ದನ್ನು ತಲೆಯಲ್ಲಿ ಹಿಡಿದಿಟ್ಟುಕೊಂಡು ಯೋಚಿಸುವುದು ಕಷ್ಟವಾಗುತ್ತದೆ.

ಹಿಂಸೆ ಪದೇ ಪದೇ ನಡೆದರೆ ಈ ಎಚ್ಚರ ಆರುವುದೇ ಇಲ್ಲ. ಆಗ ಯಾರೋ ಆಕಸ್ಮಿಕವಾಗಿ ತಾಗಿದರೂ ಮಗು ಅದನ್ನು ದಾಳಿ ಎಂದುಕೊಂಡು ತಿರುಗಿ ಹೊಡೆಯಬಹುದು. ಪೆಟ್ಟು ತಿಂದವರೇ ಜಗಳಗಂಟರಂತೆ ಕಾಣುವುದಕ್ಕೆ ಇದೂ ಒಂದು ಕಾರಣ (ಎಲ್ಲರೂ ಹಾಗಾಗುವುದಿಲ್ಲ, ಬಹುತೇಕರು ಆಗುವುದೇ ಇಲ್ಲ). ನಂಬಿಕೆಯ ಒಬ್ಬ ಹಿರಿಯರು ಜೊತೆಗಿದ್ದರೆ ಈ ಒತ್ತಡ ಬೇಗ ಇಳಿಯುತ್ತದೆ.