ಓದುಗರ ಪ್ರಶ್ನೆ: ರಸ್ತೆಗೆ ಬಿದ್ದ ಕಡವೆ, ತೋಟದಲ್ಲಿ ಸಿಕ್ಕ ಮರಿ

ಪ್ರಶ್ನೆ: ಕಳೆದ ತಿಂಗಳು ರಾತ್ರಿ ನಮ್ಮ ತೋಟದ ಗೇಟಿನ ಬಳಿ ಪಿಕಪ್ ವಾಹನವೊಂದು ಹೆಣ್ಣು ಕಡವೆಗೆ ಗುದ್ದಿ ನಿಲ್ಲಿಸದೆ ಹೋಯಿತು. ಹಿಂಗಾಲು ಮುರಿದಿತ್ತು, ಆದರೂ ತಲೆ ಎತ್ತಿಕೊಂಡೇ ಇತ್ತು. ಲೈನ್ ಮನೆಗಳವರೆಲ್ಲ ಟಾರ್ಚ್ ಹಿಡಿದು ಸೇರಿದರು, ಯಾರೋ ಬಾಯಿಗೆ ನೀರು ಹಾಕಿದರು, ನಾಲ್ಕೈದು ಜನ ಎತ್ತಿ ಶೆಡ್ಡಿಗೆ ತಂದೆವು. ಬೆಳಗಾಗುವುದರೊಳಗೆ ಸತ್ತಿತು. ‘ಸುಟ್ಟು ಹಾಳು ಮಾಡುವ ಬದಲು ಹಂಚಿಕೊಂಡರೆ ತಪ್ಪೇನು’ ಎಂದು ಕೆಲವರು ಕೇಳಿದರು. ನಾನು ಒಪ್ಪದೆ ಅರಣ್ಯ ಇಲಾಖೆಗೆ ತಿಳಿಸಿದೆ. ನಾವು ಇನ್ನೇನು ಮಾಡಬಹುದಿತ್ತು?
– ಕಾಫಿ ಬೆಳೆಗಾರರು, ಮೂಡಿಗೆರೆ ತಾಲ್ಲೂಕು

ಉತ್ತರ: ಇಲಾಖೆಗೆ ತಿಳಿಸಿದ್ದು ಸರಿಯಾಯಿತು, ಆದರೆ ಆ ಕರೆಯನ್ನು ಕಡವೆ ಬಿದ್ದ ಕೂಡಲೇ ಮಾಡಬೇಕಿತ್ತು. ಅಲ್ಲಿ ಸೇರಿದವರ ಮನಸ್ಸಿನಲ್ಲಿ ಕರುಣೆಯೇ ಇತ್ತೆಂಬುದರಲ್ಲಿ ನನಗೆ ಸಂಶಯವಿಲ್ಲ. ಆದರೆ ಗಾಯಗೊಂಡ ಕಡವೆಗೆ ಕಾಲು ಮುರಿದದ್ದರಷ್ಟೇ ಅಪಾಯಕಾರಿಯಾದದ್ದು ಸುತ್ತಲಿನ ಗದ್ದಲ. ಜಿಂಕೆ ಜಾತಿಯ ಪ್ರಾಣಿಗಳು ವಿಪರೀತ ಹೆದರಿ ಒದ್ದಾಡಿದಾಗ ಸ್ನಾಯುಗಳಲ್ಲಿ ಆಮ್ಲ ಶೇಖರವಾಗುತ್ತದೆ, ಸ್ನಾಯುವಿನ ಎಳೆಗಳೇ ಒಡೆಯುತ್ತವೆ, ಅವುಗಳಿಂದ ಹೊರಬಿದ್ದ ವಸ್ತು ರಕ್ತಕ್ಕೆ ಸೇರಿ ಮೂತ್ರಪಿಂಡವನ್ನು ಕೆಡಿಸುತ್ತದೆ. ಹೀಗೆ ಸತ್ತ ಪ್ರಾಣಿಯ ಶವಪರೀಕ್ಷೆ ನಡೆಸಿದರೆ ತೊಡೆಯ ಸ್ನಾಯು ಬೇಯಿಸಿದ ಮಾಂಸದಂತೆ ಬಿಳಿಚಿಕೊಂಡಿರುತ್ತದೆ, ಮೂತ್ರ ಕಡುಕಂದು ಬಣ್ಣಕ್ಕೆ ತಿರುಗಿರುತ್ತದೆ. ಮೈಮೇಲೆ ಹೇಳಿಕೊಳ್ಳುವಂಥ ಗಾಯವೇ ಇಲ್ಲದ ಜಿಂಕೆಯೂ ಜನರ ಕೈಯಿಂದ ಬಿಡಿಸಿಕೊಂಡು ಹೋದ ಕೆಲವು ಗಂಟೆ ಅಥವಾ ಕೆಲವು ದಿನಗಳ ನಂತರ ಸಾಯುವುದು ಇದರಿಂದಲೇ.

ಆದ್ದರಿಂದ ಮೊದಲು ಮಾಡಬೇಕಾದದ್ದು ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಅಥವಾ ಹತ್ತಿರದ ವಲಯ ಅರಣ್ಯ ಕಚೇರಿಗೆ ಕರೆ ಮಾಡುವುದು. ಆಮೇಲೆ ಒಂದು ವಾಹನವನ್ನು ಸಾಕಷ್ಟು ಹಿಂದೆ ನಿಲ್ಲಿಸಿ, ಮಿನುಗುವ ದೀಪ ಹಾಕಿ, ಒಬ್ಬಿಬ್ಬರು ಮಾತ್ರ ದೂರದಲ್ಲಿ ಕಾವಲಿದ್ದು ಉಳಿದವರನ್ನು ಮನೆಗೆ ಕಳುಹಿಸಬೇಕು. ಟಾರ್ಚ್ ಆರಿಸಿ, ದನಿ ತಗ್ಗಿಸಿ. ಮಲಗಿದ ಪ್ರಾಣಿಯ ಬಾಯಿಗೆ ಹಾಕಿದ ನೀರು ಶ್ವಾಸಕೋಶಕ್ಕೆ ಇಳಿಯುವ ಸಂಭವ ಹೆಚ್ಚಾದ್ದರಿಂದ ನೀರು ಬೇಡವೇ ಬೇಡ. ಪ್ರಾಣಿ ಏಳಲಾಗದ ಸ್ಥಿತಿಯಲ್ಲಿದ್ದರೆ ಹಿಂದಿನಿಂದ ನಿಧಾನವಾಗಿ ಹೋಗಿ, ಮೂಗು ಬಿಟ್ಟು ಕಣ್ಣಿನ ಮೇಲಷ್ಟೇ ಸಡಿಲವಾದ ಬಟ್ಟೆ ಹಾಕಬಹುದು, ಕತ್ತಲಾದರೆ ಅದರ ಗಾಬರಿ ಎಷ್ಟೋ ಇಳಿಯುತ್ತದೆ. ಆದರೆ ಹೆಣ್ಣು ಕಡವೆಯೂ ನೂರು ಕಿಲೋಗಿಂತ ಹೆಚ್ಚು ತೂಗುವ ಪ್ರಾಣಿ. ಅದರ ಗೊರಸಿನ ಒಂದು ಒದೆತಕ್ಕೆ ಮನುಷ್ಯನ ಎಲುಬು ಮುರಿದೀತು ಎಂಬ ಎಚ್ಚರ ಇರಲಿ. ಬೆಳೆದ ಕಡವೆಯ ಹಿಂಗಾಲಿನ ಮುರಿತ ವಾಸಿಯಾಗುವುದು ಅಪರೂಪವೆಂಬುದು ನಿಜವಾದರೂ, ನೋವು ಮುಗಿಸುವ ತೀರ್ಮಾನ ಅಧಿಕಾರಿಗಳು ಮತ್ತು ಪಶುವೈದ್ಯರಿಗೆ ಸೇರಿದ್ದು. ಕರುಣೆಯಿಂದಲೇ ಆದರೂ ನಾವು ಕತ್ತಿ ಎತ್ತುವಂತಿಲ್ಲ.

ಮಾಂಸದ ಮಾತಿಗೆ ಬರುತ್ತೇನೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 39ನೇ ಸೆಕ್ಷನ್ ಪ್ರಕಾರ ಸತ್ತು ಸಿಕ್ಕ ಅಥವಾ ಅಚಾತುರ್ಯದಿಂದ ಸತ್ತ ಕಾಡುಪ್ರಾಣಿ ಸರ್ಕಾರದ ಸ್ವತ್ತು. ಅದರ ಮಾಂಸ, ಚರ್ಮ, ಕೊಂಬು ಯಾವುದರ ಮೇಲೂ ನಮಗೆ ಹಕ್ಕಿಲ್ಲ. ಅಂಥದ್ದು ಯಾರ ವಶಕ್ಕಾದರೂ ಬಂದರೆ 48 ಗಂಟೆಯೊಳಗೆ ಪೊಲೀಸ್ ಠಾಣೆಗೆ ಅಥವಾ ಅಧಿಕೃತ ಅಧಿಕಾರಿಗೆ ತಿಳಿಸಬೇಕು. ಇದು ಬಡವರ ಬಾಯಿಂದ ತುತ್ತು ಕಸಿಯುವ ಕಾನೂನೆಂದು ನನಗೆ ಅನ್ನಿಸಿಲ್ಲ. ಗುದ್ದಿ ಸತ್ತದ್ದನ್ನು ಹಂಚಿಕೊಳ್ಳಬಹುದೆಂದು ಇಂದು ಒಪ್ಪಿದರೆ, ನಾಳೆ ಬೇಕೆಂದೇ ಗುದ್ದುವ ಗಾಡಿಗಳು ರಾತ್ರಿ ತೋಟದ ರಸ್ತೆಗೆ ಇಳಿಯುತ್ತವೆ. ಇದಲ್ಲದೆ ಆರೋಗ್ಯದ ಪ್ರಶ್ನೆಯೂ ಇದೆ. ನೆರಡಿಯಂಥ (ಆಂಥ್ರಾಕ್ಸ್) ರೋಗದಿಂದ ನಿತ್ರಾಣವಾದ ಪ್ರಾಣಿಯೇ ರಸ್ತೆಯಲ್ಲಿ ತಪ್ಪಿಸಿಕೊಳ್ಳಲಾಗದೆ ಗಾಡಿಗೆ ಸಿಕ್ಕಿರಬಹುದು, ಅದನ್ನು ಹೊರಗಿನಿಂದ ನೋಡಿ ಹೇಳಲಾಗುವುದಿಲ್ಲ. ಮೈ ತಣ್ಣಗಾಗುತ್ತಿದ್ದಂತೆ ಉಣುಗುಗಳು ಕಳಚಿಕೊಂಡು ಬೇರೆ ಬಿಸಿಮೈ ಹುಡುಕುತ್ತವೆ. ಉಣುಗಿನಿಂದ ಹರಡುವ ಮಂಗನ ಕಾಯಿಲೆ ಕಾಣಿಸಿಕೊಂಡಿರುವ ಕೊಪ್ಪ, ನರಸಿಂಹರಾಜಪುರದ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ತಿರುವಿನಲ್ಲಿ ಬಿದ್ದ ಶವದಿಂದ ಇನ್ನೊಂದು ಅಪಘಾತವಾಗುವಂತಿದ್ದರೆ, ಇಲಾಖೆಗೆ ಹೇಳಿಯೇ, ಕೈಗೆ ಪ್ಲಾಸ್ಟಿಕ್ ಚೀಲ ಸುತ್ತಿಕೊಂಡು ರಸ್ತೆಯ ಅಂಚಿಗೆ ಎಳೆದಿಡಿ. ಗಾಡಿಗೆ ಮಾತ್ರ ಹಾಕಬೇಡಿ. ಹಾಗೆಯೇ ನಡುರಸ್ತೆಯಲ್ಲಿ ಬಿಟ್ಟರೆ ಅದನ್ನು ತಿನ್ನಲು ಬರುವ ನರಿ, ಹದ್ದುಗಳೂ ಗಾಡಿಗೆ ಸಿಕ್ಕಿ ಸಾಯುತ್ತವೆ.

ಪ್ರಶ್ನೆ: ನಾನು ಬೇಲೂರಿನಿಂದ ಸಕಲೇಶಪುರದ ಕಡೆಗೆ ನಸುಕಿನಲ್ಲಿ ತರಕಾರಿ ಗಾಡಿ ಓಡಿಸುತ್ತೇನೆ. ಜಿಂಕೆ ಅಡ್ಡ ಬಂದರೆ ಹಾರ್ನ್ ಮಾಡಬೇಕೋ, ಗಾಡಿ ತಿರುಗಿಸಬೇಕೋ? ಗುದ್ದಿಬಿಟ್ಟರೆ ನನ್ನ ಮೇಲೆ ಕೇಸ್ ಆಗುತ್ತದೆಯೇ?
– ಚಾಲಕರು, ಬೇಲೂರು

ಉತ್ತರ: ತಿರುಗಿಸಬೇಡಿ. ಘಟ್ಟದ ಅಂಚಿನ ರಸ್ತೆಯಲ್ಲಿ ಒಂದು ಕಡೆ ಕಂದಕ, ಇನ್ನೊಂದು ಕಡೆ ಎದುರು ಬರುವ ಲಾರಿ ಇರುವಾಗ ಜಿಂಕೆಯನ್ನು ಉಳಿಸಲು ಹೋಗಿ ಮನುಷ್ಯರ ಪ್ರಾಣ ಹೋಗಬಾರದು. ನೇರವಾಗಿ ಬ್ರೇಕ್ ಹಾಕಿ, ಹೈ ಬೀಮ್ ಇದ್ದರೆ ತಗ್ಗಿಸಿ, ಚಿಕ್ಕದಾಗಿ ಹಾರ್ನ್ ಮಾಡಿ. ಕತ್ತಲಿಗೆ ಹೊಂದಿಕೊಂಡ ಅದರ ಕಣ್ಣು ಪ್ರಖರ ಬೆಳಕಿಗೆ ಕುರುಡಾಗುವುದರಿಂದಲೇ ಅದು ರಸ್ತೆಯ ನಡುವೆ ಕಲ್ಲಾಗಿ ನಿಲ್ಲುತ್ತದೆ.

ಆದರೆ ಇದೆಲ್ಲ ಕೊನೆಯ ಕ್ಷಣದ ಮಾತು. ಗಂಟೆಗೆ 60 ಕಿ.ಮೀ. ವೇಗದಲ್ಲಿ ಹೋಗುವ ಗಾಡಿ, ಚಾಲಕ ಎಚ್ಚೆತ್ತು ಬ್ರೇಕ್ ಒತ್ತುವ ಒಂದು ಸೆಕೆಂಡನ್ನೂ ಸೇರಿಸಿದರೆ, ಒಣ ರಸ್ತೆಯಲ್ಲಿ ನಿಲ್ಲಲು ಸುಮಾರು 37 ಮೀಟರ್ ಬೇಕು. 80ರಲ್ಲಿ ಹೆಚ್ಚುಕಡಿಮೆ 58 ಮೀಟರ್. ತಗ್ಗಿಸಿದ ದೀಪ ಸ್ಪಷ್ಟವಾಗಿ ತೋರಿಸುವುದೇ ನಲವತ್ತೈವತ್ತು ಮೀಟರ್. ಅಂದರೆ 80ರಲ್ಲಿ ಹೋಗುವವರಿಗೆ ಜಿಂಕೆ ಕಾಣುವ ಹೊತ್ತಿಗೆ ಕಾಲ ಮೀರಿರುತ್ತದೆ. ಗಾಡಿಯಲ್ಲಿ ಸರಕಿದ್ದು ರಸ್ತೆ ತೇವವಾಗಿದ್ದರಂತೂ ಹೇಳುವುದೇ ಬೇಡ. ಬಂಡೀಪುರದ ಹೆದ್ದಾರಿಯಲ್ಲಿ ರಾತ್ರಿ 9ರಿಂದ ಬೆಳಗಿನ 6ರವರೆಗೆ ಬಹುತೇಕ ವಾಹನಗಳಿಗೆ 2009ರಿಂದ ನಿಷೇಧವಿದೆ. ನಮ್ಮ ತೋಟಗಳ ನಡುವಿನ ರಸ್ತೆಗಳಿಗೆ ಅಂಥ ನಿಷೇಧ ಆಗುವ ಮಾತಲ್ಲವಾದ್ದರಿಂದ, ಮುಸ್ಸಂಜೆ ಮತ್ತು ನಸುಕಿನಲ್ಲಿ 40ಕ್ಕೆ ಇಳಿಸುವ ಜವಾಬ್ದಾರಿ ಚಾಲಕರದ್ದೇ. ಒಂದು ಜಿಂಕೆ ದಾಟಿತೆಂದು ಆಕ್ಸಿಲರೇಟರ್ ಒತ್ತಬೇಡಿ, ಹಿಂದೆಯೇ ಇನ್ನೂ ಎರಡು ಮೂರು ಬರುತ್ತವೆ. ಮೊದಲ ಮಳೆಯ ನಂತರ ರಸ್ತೆಯ ಅಂಚಿನ ಎಳೆ ಹುಲ್ಲಿಗೆ ಅವು ಬಂದು ನಿಲ್ಲುತ್ತವೆಂಬುದನ್ನೂ ನೆನಪಿಡಿ.

ಕೇಸಿನ ಭಯ ಅರ್ಥವಾಗುತ್ತದೆ. ಆದರೆ ‘ಅಚಾತುರ್ಯದಿಂದ ಸತ್ತ’ ಪ್ರಾಣಿಯ ಪ್ರಸ್ತಾಪ ಕಾಯ್ದೆಯಲ್ಲೇ ಇದೆ. ನಿಲ್ಲಿಸಿ ತಿಳಿಸಿದವರಿಗೂ ಬಚ್ಚಿಟ್ಟು ಸಾಗಿಸಿದವರಿಗೂ ಬಹಳ ವ್ಯತ್ಯಾಸವಿದೆ; ಇಲಾಖೆ ವಿಚಾರಣೆ ಮಾಡಬಹುದು, ಅದಕ್ಕೆ ಸಹಕರಿಸಿ. ಗಾಡಿಗಾದ ನಷ್ಟ ಥರ್ಡ್ ಪಾರ್ಟಿ ವಿಮೆಯಲ್ಲಿ ಸಿಗುವುದಿಲ್ಲ, ಸಮಗ್ರ ವಿಮೆ ಇದ್ದರೆ ಕೇಳಬಹುದು.

ಪ್ರಶ್ನೆ: ಕಳೆ ತೆಗೆಯುವಾಗ ಕಾಫಿ ಗಿಡದ ಬುಡದಲ್ಲಿ ಒಂಟಿ ಜಿಂಕೆ ಮರಿ ಸಿಕ್ಕಿತು. ಮನೆಗೆ ತಂದು ಹಸುವಿನ ಹಾಲು ಕೊಡುತ್ತಿದ್ದೇವೆ. ಮಕ್ಕಳಿಗೆ ಬಹಳ ಪ್ರೀತಿ. ಸಾಕಬಹುದೇ?
– ಗೃಹಿಣಿ, ಆಲ್ದೂರು

ಉತ್ತರ: ಸಾಕುವಂತಿಲ್ಲ, ದಯವಿಟ್ಟು ಈ ಪತ್ರಿಕೆ ಕೈಗೆ ಬಂದ ದಿನವೇ ಇಲಾಖೆಗೆ ಒಪ್ಪಿಸಿ. ಅದು ಅನಾಥ ಮರಿಯಾಗಿರಲಿಲ್ಲ ಎಂದೇ ನನ್ನ ಅನುಮಾನ. ತಾಯಿ ಮರಿಯನ್ನು ಪೊದೆಯಲ್ಲಿ ಅಡಗಿಸಿ ಮೇಯಲು ಹೋಗಿ, ಹಾಲು ಕೊಡಲು ಮಾತ್ರ ಬರುತ್ತದೆ. ಮರಿ ಅಲುಗಾಡದೆ ಮುದುರಿಕೊಂಡಿರುವುದೇ ಅದರ ರಕ್ಷಣೆ. ಸಿಕ್ಕ ದಿನವೇ ಆಗಿದ್ದರೆ ಅದೇ ಜಾಗದಲ್ಲಿ ಬಿಟ್ಟು ಆಳುಗಳನ್ನು ಬೇರೆ ಪಟ್ಟಿಗೆ ಕಳುಹಿಸಿದರೆ ಸಾಕಿತ್ತು. ಮುಟ್ಟಿದ ಮಾತ್ರಕ್ಕೆ ತಾಯಿ ಬಿಟ್ಟುಹೋಗುತ್ತದೆಂಬ ತಪ್ಪು ನಂಬಿಕೆಯಿಂದ ಎಷ್ಟೋ ಮರಿಗಳು ಮನೆ ಸೇರಿವೆ. ಹಸುವಿನ ಹಾಲಿಗೆ ಭೇದಿಯಾಗಿ ಸಾಯುವವೇ ಹೆಚ್ಚು. ಬದುಕಿದ ಗಂಡು ಮರಿ ಮನುಷ್ಯರ ಭಯವಿಲ್ಲದೆ ಬೆಳೆದು, ಕೊಂಬು ಬಲಿತ ಮೇಲೆ ಅದೇ ಮಕ್ಕಳ ಮೈಮೇಲೆ ಹೋಗುತ್ತದೆ.

ಪ್ರಶ್ನೆ: ಬಾಸೂರು ಕಾವಲಿನ (ಹುಲ್ಲುಗಾವಲಿನ) ಕೃಷ್ಣಮೃಗಗಳು ನಮ್ಮ ಹೆಸರುಕಾಳಿನ ಹೊಲಕ್ಕೆ ಬರುತ್ತವೆ. ಬೇಲಿಗೆ ಕರೆಂಟ್ ಕೊಡಬಹುದೇ?
– ರೈತರು, ಕಡೂರು ತಾಲ್ಲೂಕು

ಉತ್ತರ: ಕಂಬದ ಕರೆಂಟನ್ನು ನೇರವಾಗಿ ಬೇಲಿಗೆ ಕೊಡುವುದು ಅಪರಾಧ, ನೀರು ಕಟ್ಟಲು ಹೋದ ನೆರೆಯವರೇ ಅದಕ್ಕೆ ಬಲಿಯಾಗಬಹುದು. ಕ್ಷಣಮಾತ್ರ ಶಾಕ್ ಕೊಟ್ಟು ಬಿಡುವ ಸೋಲಾರ್ ಬೇಲಿ ಬೇರೆಯದೇ ವ್ಯವಸ್ಥೆ, ಅದನ್ನು ಇಲಾಖೆಯ ಸಲಹೆ ಪಡೆದು ಹಾಕಿಸಬಹುದು. ನಿಮ್ಮ ಬೆಳೆನಷ್ಟವನ್ನು ನಾನು ಹಗುರವಾಗಿ ಕಾಣುತ್ತಿಲ್ಲ, ಫಸಲು ಕೈಗೆ ಬರುವ ಹೊತ್ತಿಗೆ ಮೇದುಹೋದರೆ ಆಗುವ ಸಂಕಟ ದೊಡ್ಡದು. ಹಾಗಿದ್ದರೂ ಈ ಕಾವಲುಗಳ ಅಂಚಿನಲ್ಲಿ ಕೃಷ್ಣಮೃಗವನ್ನು ಹೊಲಕ್ಕೂ ರಸ್ತೆಗೂ ಅಟ್ಟುವ ಒಂದು ಕಾರಣವನ್ನು ಊರಿನವರೇ ತಡೆಯಬಹುದು, ಅದು ನಾಯಿಗಳ ಹಿಂಡು. ಸಾಕಿದ ನಾಯಿಯನ್ನು ರಾತ್ರಿ ಕಟ್ಟಿಹಾಕಿ, ಹುಚ್ಚುನಾಯಿ ರೋಗದ ಲಸಿಕೆ ಹಾಕಿಸಿ. ಕೋಳಿ ಅಂಗಡಿಯ ಕಸ ಕಾವಲಿನ ಪಕ್ಕ ಬೀಳದಂತೆ, ಬೀದಿನಾಯಿಗಳಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಆಗುವಂತೆ ಗ್ರಾಮ ಪಂಚಾಯಿತಿಗೆ ಲಿಖಿತ ಅರ್ಜಿ ಕೊಟ್ಟು, ಅದರ ಸ್ವೀಕೃತಿ ಪಡೆದುಕೊಳ್ಳಿ.