ಮೀನಿಗಾಗಿ ಬಿಟ್ಟ ನೀರು ಎಲ್ಲಿಗೆ ಹೋಗುತ್ತದೆ?

ಪ್ರಶ್ನೆ: ಅಮೆರಿಕದ ಕೊಲೊರಾಡೊ ನದಿಯಲ್ಲಿ ಅಳಿವಿನಂಚಿನ ಮೀನುಗಳಿಗಾಗಿ ಕಡು ಬೇಸಿಗೆಯಲ್ಲೂ ಜಲಾಶಯಗಳಿಂದ ನೀರು ಬಿಡುತ್ತಾರೆಂದು ಓದಿದೆ. ಬೆಳೆಗೇ ಸಾಲದ ನೀರನ್ನು ಹೀಗೆ ಹರಿಯಬಿಡುವುದು ಸರಿಯೇ?

ಉತ್ತರ: ಮೀನಿಗೆಂದು ಬಿಟ್ಟ ನೀರನ್ನು ಮೀನು ಕುಡಿದು ಮುಗಿಸುವುದಿಲ್ಲ ಎಂಬುದನ್ನು ಮೊದಲು ಗಮನಿಸಬೇಕು. ಕೊಲೊರಾಡೊ ರಾಜ್ಯದ ಗ್ರ್ಯಾಂಡ್ ಜಂಕ್ಷನ್ ನಗರದ ಬಳಿ ಸುಮಾರು 24 ಕಿಲೋಮೀಟರ್ ಉದ್ದದ ಹರಿವೊಂದಿದೆ. ಅಲ್ಲಿನವರು ಅದನ್ನು ಹದಿನೈದು ಮೈಲಿಯ ಹರಿವು ಎಂದೇ ಕರೆಯುತ್ತಾರೆ. ಅದರ ಮೇಲ್ಭಾಗದಲ್ಲಿ ದೊಡ್ಡ ನೀರಾವರಿ ನಾಲೆಗಳು ನದಿಯ ನೀರನ್ನು ಸೆಳೆದುಕೊಳ್ಳುತ್ತವೆ. ಕೆಳತುದಿಯಲ್ಲಿ ಗನಿಸನ್ ನದಿ ಬಂದು ಸೇರುವವರೆಗೆ ನದಿ ಸೊರಗಿಯೇ ಇರುತ್ತದೆ. ಕೊಲೊರಾಡೊ ಪೈಕ್‌ಮಿನ್ನೋ ಮತ್ತು ರೇಜರ್‌ಬ್ಯಾಕ್ ಸಕರ್ ಎಂಬ ಮೀನುಗಳಿಗೆ ಈ ತುಣುಕು ಬಹುಮುಖ್ಯ ನೆಲೆ. ಮುಂಗಾರು ಮಳೆಯ ಬದಲು ಹಿಮ ಕರಗಿದ ನೀರನ್ನೇ ನೆಚ್ಚಿರುವ ಈ ನದಿ ವಸಂತದ ಕೊನೆಯಲ್ಲಿ ತುಂಬಿ ಹರಿದು, ಬೇಸಿಗೆಯ ಉತ್ತರಾರ್ಧದಲ್ಲಿ ಇಳಿಯುತ್ತದೆ. ಆಗ ರೂಡೈಯಂತಹ ಮೇಲಣ ಜಲಾಶಯಗಳಿಂದ ನೀರು ಬಿಟ್ಟು, ಒಣ ವರ್ಷದಲ್ಲೂ ಹರಿವು 810 ಕ್ಯೂಸೆಕ್‌ಗಿಂತ ಕೆಳಗೆ ಬೀಳದಂತೆ ನೋಡಿಕೊಳ್ಳುವುದು ಗುರಿ. ಆ ಇಪ್ಪತ್ನಾಲ್ಕು ಕಿಲೋಮೀಟರ್ ದಾಟಿದ ನೀರು ನದಿಯಲ್ಲೇ ಮುಂದುವರಿದು ಕೆಳಗಿನ ಪವೆಲ್ ಜಲಾಶಯವನ್ನು ಸೇರುತ್ತದೆ, ಅಲ್ಲಿಂದ ಮತ್ತೆ ಜನರ ಬಳಕೆಗೂ ಒದಗುತ್ತದೆ.

ಹಾಗೆಂದು ಇದರಿಂದ ಯಾರಿಗೂ ನಷ್ಟವಿಲ್ಲ ಎನ್ನಲಾಗದು. ಮೇಲಣ ಜಲಾಶಯದಲ್ಲಿ ಮುಂದಿನ ವರ್ಷಕ್ಕೆಂದು ಉಳಿಯಬಹುದಾಗಿದ್ದ ನೀರು ಕಡಿಮೆಯಾಗುತ್ತದೆ, ಮಳೆ ಹಿಮ ಕೈಕೊಟ್ಟರೆ ಅದರ ಬಿಸಿ ಮೊದಲು ತಟ್ಟುವುದು ಅಲ್ಲಿನ ಬಳಕೆದಾರರಿಗೆ. ಆದ್ದರಿಂದಲೇ 1988ರಲ್ಲಿ ಆರಂಭವಾದ ಮೀನು ಪುನಶ್ಚೇತನ ಯೋಜನೆಯಲ್ಲಿ ಸರ್ಕಾರಿ ಇಲಾಖೆಗಳ ಜೊತೆಗೆ ನೀರಿನ ಬಳಕೆದಾರರು, ವಿದ್ಯುತ್ ಕ್ಷೇತ್ರದವರು ಮತ್ತು ಪರಿಸರ ಸಂಘಟನೆಗಳು ಒಂದೇ ಮೇಜಿನ ಸುತ್ತ ಕುಳಿತಿವೆ. ರೈತರನ್ನು ಹೊರಗಿಟ್ಟು ಮೀನನ್ನು ಉಳಿಸುವ ಯಾವ ಯೋಜನೆಯೂ ಬಹುಕಾಲ ಬಾಳದು ಎಂಬುದು ನನ್ನ ಖಚಿತ ಅಭಿಪ್ರಾಯ.

ಪ್ರಶ್ನೆ: ವರ್ಷವಿಡೀ ಒಂದೇ ಪ್ರಮಾಣದಲ್ಲಿ ನೀರು ಬಿಡುತ್ತಿದ್ದರೆ ಸಾಲದೇ? ಕೆಲವೇ ದಿನ ಹೆಚ್ಚು ನೀರು ಬಿಡುವುದರಿಂದ ಮೀನಿಗೇನು ಲಾಭ?

ಉತ್ತರ: ಸಾಲದು. ನದಿಯ ಮೀನುಗಳಿಗೆ ನೀರು ಎಷ್ಟು ಎಂಬುದಕ್ಕಿಂತ ಯಾವಾಗ ಎಂಬುದೇ ಅನೇಕ ಸಲ ನಿರ್ಣಾಯಕ. ವಸಂತದ ನೆರೆಯು ಜಲ್ಲಿಕಲ್ಲುಗಳ ನಡುವೆ ಕುಳಿತ ಹೂಳನ್ನು ತೊಳೆದು ಮೊಟ್ಟೆಯಿಡಲು ತಾವು ಮಾಡಿಕೊಡುತ್ತದೆ, ದಡ ಮೀರಿ ಪಕ್ಕದ ತಗ್ಗುಗಳನ್ನು ತುಂಬಿಸುತ್ತದೆ. ಅಣೆಕಟ್ಟೆ ಆ ನೆರೆಯನ್ನು ತಡೆದು, ಅದೇ ನೀರನ್ನು ಹನ್ನೆರಡು ತಿಂಗಳಿಗೆ ಹಂಚಿದಾಗ ಒಟ್ಟು ನೀರು ಹೆಚ್ಚುಕಡಿಮೆ ಅಷ್ಟೇ ಇದ್ದರೂ ಮರಿಗಳಿಗೆ ನೆಲೆ ಇಲ್ಲವಾಗುತ್ತದೆ.

ಕೊಲೊರಾಡೊದ ಉಪನದಿಯಾದ ಗ್ರೀನ್ ನದಿಯಲ್ಲಿ ನಡೆಯುತ್ತಿರುವ ಕೆಲಸ ಇದಕ್ಕೆ ಒಳ್ಳೆಯ ನಿದರ್ಶನ. ಅಲ್ಲಿ 1964ರಲ್ಲಿ ಪೂರ್ಣಗೊಂಡ ಫ್ಲೇಮಿಂಗ್ ಗಾರ್ಜ್ ಅಣೆಕಟ್ಟೆಯಿದೆ. ರೇಜರ್‌ಬ್ಯಾಕ್ ಸಕರ್ ಮೀನು ಜಲ್ಲಿಯ ದಿಬ್ಬಗಳ ಮೇಲೆ ಮೊಟ್ಟೆಯಿಡುತ್ತದೆ; ಒಡೆದು ಹೊರಬಂದ ಮರಿ ಸುಮಾರು ಒಂದು ಸೆಂಟಿಮೀಟರ್ ಉದ್ದವಿದ್ದು, ಈಜುವ ಕಸುವಿಲ್ಲದೆ ಹರಿವಿನ ಪಾಲಾಗುತ್ತದೆ. ಅದು ನೆರೆನೀರಿನೊಂದಿಗೆ ಬೆಚ್ಚಗಿನ, ಸೂಕ್ಷ್ಮಜೀವಿಗಳಿಂದ ತುಂಬಿದ ತಗ್ಗು ಕೆರೆಗಳನ್ನು ಹೊಕ್ಕರೆ ಮಾತ್ರ ಬೆಳೆದು ದೊಡ್ಡದಾಗುವ ಅವಕಾಶವಿದೆ. ಹಿಂದೆ ಅಣೆಕಟ್ಟೆಯ ನೀರನ್ನು ಪಕ್ಕದ ಯಾಂಪಾ ನದಿಯ ನೆರೆ ಉತ್ತುಂಗಕ್ಕೇರುವ ಹೊತ್ತಿಗೆ ಬಿಡಲಾಗುತ್ತಿತ್ತು. ಮರಿಗಳು ಹೊರಬರುವಷ್ಟರಲ್ಲಿ ಎಷ್ಟೋ ವರ್ಷ ಆ ನೀರು ಇಳಿದುಹೋಗಿರುತ್ತಿತ್ತು. 2012ರಿಂದ ಕ್ರಮ ಬದಲಾಯಿತು. ಜೀವವಿಜ್ಞಾನಿಗಳು ರಾತ್ರಿ ವೇಳೆ ನದಿಯ ಅಂಚಿನಲ್ಲಿ ಒಳಗೆ ಸಣ್ಣ ದೀಪವಿರುವ ಪಾರದರ್ಶಕ ಬಲೆಪೆಟ್ಟಿಗೆಗಳನ್ನು ಇಡುತ್ತಾರೆ. ಬೆಳಕಿಗೆ ಸೆಳೆಯಲ್ಪಟ್ಟ ಮರಿಗಳು ಕಿರಿದಾದ ಸೀಳುಗಳ ಮೂಲಕ ಒಳಸೇರುತ್ತವೆ. ಪೆಟ್ಟಿಗೆಯಲ್ಲಿ ಮರಿ ಕಂಡ ಸುದ್ದಿ ಅಣೆಕಟ್ಟೆಗೆ ತಲುಪಿದ ಮೇಲೆ ನೀರು ಹೆಚ್ಚಿಸಲಾಗುತ್ತದೆ. ಸ್ಟೂವರ್ಟ್ ಲೇಕ್ ಎಂಬ ತಗ್ಗಿನ ಬಾಯಲ್ಲಿ ಜಾಲರಿಯಿದೆ: ಮರಿಗಳು ನುಸುಳಬಹುದು, ಅವುಗಳನ್ನು ತಿನ್ನುವ ದೊಡ್ಡ ಪರಕೀಯ ಮೀನುಗಳು ನುಸುಳಲಾರವು. ಬೇಸಿಗೆ ಕಳೆದ ಮೇಲೆ ಕೆರೆಯನ್ನು ಬರಿದು ಮಾಡಿ, ಬೆಳೆದ ಮರಿಗಳನ್ನು ನದಿಗೆ ಮರಳಿಸುತ್ತಾರೆ. ಜೀವಿಯೊಂದರ ಹುಟ್ಟನ್ನೇ ಕಾದು ಇಷ್ಟು ದೊಡ್ಡ ಅಣೆಕಟ್ಟೆಯನ್ನು ನಡೆಸುವ ಈ ಕ್ರಮ ನನಗೆ ಅತ್ಯಂತ ಗೌರವಾರ್ಹವಾಗಿ ತೋರುತ್ತದೆ.

ಪ್ರಶ್ನೆ: ಜಲಾಶಯದ ನೀರು ತಣ್ಣಗಿರುತ್ತದೆ. ಅದರಿಂದ ತೊಂದರೆಯಿಲ್ಲವೇ?

ಉತ್ತರ: ಖಂಡಿತ ಇದೆ, ಆದರೆ ಎಲ್ಲ ಮೀನಿಗೂ ಒಂದೇ ಬಗೆಯಲ್ಲಿ ಅಲ್ಲ. ಚೀನಾದ ಯಾಂಗ್ಟ್ಸೆ ನದಿಯ ಪ್ರಮುಖ ಗೆಂಡೆ ಜಾತಿಗಳು ನೀರು ಸುಮಾರು 18 ಡಿಗ್ರಿ ಸೆಲ್ಸಿಯಸ್‌ಗೆ ಏರದೆ ಮೊಟ್ಟೆಯಿಡುವುದಿಲ್ಲ. 2011ರಿಂದ ತ್ರೀ ಗಾರ್ಜಸ್ ಅಣೆಕಟ್ಟೆಯಿಂದ ಅವುಗಳಿಗಾಗಿ ನಡೆಯುತ್ತಿರುವ ವಿಶೇಷ ಬಿಡುಗಡೆಗಳು ಈ ಬಿಸುಪನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಗುತ್ತದೆ. ಕ್ಯಾಲಿಫೋರ್ನಿಯಾದ ಶಾಸ್ತಾ ಅಣೆಕಟ್ಟೆಯಲ್ಲಿ ಸಮಸ್ಯೆ ತಿರುಗುಮುರುಗು. ಅಲ್ಲಿ ಚಿನೂಕ್ ಸಾಲ್ಮನ್ ಮೊಟ್ಟೆಗಳು ಬಿಸಿನೀರಿನಲ್ಲಿ ಸಾಯುವುದರಿಂದ, ಬೇರೆಬೇರೆ ಆಳದ ನೀರನ್ನು ಆಯ್ದು ಬಿಡಬಲ್ಲ ವ್ಯವಸ್ಥೆಯನ್ನು 1997ರಲ್ಲಿ ಅಳವಡಿಸಿದರು.

ಪ್ರಶ್ನೆ: ಇಷ್ಟೆಲ್ಲ ಮಾಡಿದ ಮೇಲೆ ಮೀನುಗಳು ಉಳಿದಿವೆಯೇ?

ಉತ್ತರ: ಕೊಲೊರಾಡೊದ ಹಂಪ್‌ಬ್ಯಾಕ್ ಚಬ್ ಮೀನನ್ನು 2021ರಲ್ಲಿ ಅಳಿವಿನಂಚಿನ ಪಟ್ಟಿಯಿಂದ ಕಡಿಮೆ ಅಪಾಯದ ವರ್ಗಕ್ಕೆ ಇಳಿಸಲಾಯಿತು. ಬೋನಿಟೇಲ್ ಮಾತ್ರ ಇಂದಿಗೂ ಸಾಕಣೆ ಕೇಂದ್ರಗಳಿಂದ ತಂದು ಬಿಡುವ ಮರಿಗಳನ್ನೇ ಅವಲಂಬಿಸಿದೆ. ಪರಕೀಯ ಸ್ಮಾಲ್‌ಮೌತ್ ಬಾಸ್ ಮೀನು ಮರಿಗಳನ್ನು ನುಂಗುವವರೆಗೆ ಬರಿಯ ನೀರಿನಿಂದ ಪೂರ್ಣ ಫಲ ಸಿಗದು. ಈಗ ನೀರನ್ನು ಅದರ ವಿರುದ್ಧವೂ ಬಳಸಲಾಗುತ್ತಿದೆ: ಗಂಡು ಬಾಸ್ ಗೂಡು ಕಾಯುವ ಜೂನ್ ತಿಂಗಳಲ್ಲಿ ಫ್ಲೇಮಿಂಗ್ ಗಾರ್ಜ್‌ನಿಂದ ತಣ್ಣೀರನ್ನು ರಭಸವಾಗಿ ಬಿಟ್ಟು, ಅದು ಗೂಡು ತೊರೆಯುವಂತೆ ಮಾಡುವ ಪ್ರಯೋಗ 2021ರಲ್ಲಿ ಮೊದಲ ಬಾರಿ ನಡೆಯಿತು. ಜೊತೆಗೆ ದೋಣಿಗಳಲ್ಲಿ ತೆರಳಿ ಬಾಸ್ ಮೀನುಗಳನ್ನು ಹಿಡಿದು ತೆಗೆಯುವ ಕೆಲಸವೂ ಸಾಗಿದೆ.