ಏಳು ವರ್ಷದ ಮಗನಿಗೆ ಎಂಥ ಕ್ಲಾರಿನೆಟ್ ಕೊಡಿಸಲಿ?

ದಸರೆಯಲ್ಲಿ ಅರಮನೆ ಮುಂದೆ ಪೊಲೀಸ್ ಬ್ಯಾಂಡ್ ಕೇಳಿದಾಗಿನಿಂದ ನಿಮ್ಮ ಏಳು ವರ್ಷದ ಮಗ ಕ್ಲಾರಿನೆಟ್ ಬೇಕು ಅಂತ ಹಟ ಹಿಡಿದಿದ್ದಾನೆ, ಪಿಟೀಲಿನ ಹಾಗೆ ಇದರಲ್ಲೂ ಮಕ್ಕಳ ಸೈಜ್ ಸಿಗುತ್ತದಾ ಅಂತ ಕೇಳಿದ್ದೀರಿ. ನಾನೂ ಮೈಸೂರಿನವಳೇ. ನನ್ನ ಮಗಳಿಗೂ ಇದೇ ವಯಸ್ಸಿನಲ್ಲಿ ಇದೇ ಆಸೆ ಹುಟ್ಟಿತ್ತು. ಹುಡುಗನ ಆಸೆಯನ್ನು ಸುಮ್ನೆ ತಳ್ಳಿಹಾಕಬೇಡಿ. ಕದ್ರಿ ಗೋಪಾಲನಾಥ್ ಸ್ಯಾಕ್ಸೋಫೋನಿಗೆ ಮನಸೋತದ್ದೂ ಚಿಕ್ಕಂದಿನಲ್ಲಿ ನಮ್ಮ ಅರಮನೆ ಬ್ಯಾಂಡ್ ಕೇಳಿಯೇ.

ಆದರೆ ಪಿಟೀಲಿನ ಅರ್ಧ, ಮುಕ್ಕಾಲು ಸೈಜಿನ ಲೆಕ್ಕ ಇಲ್ಲಿ ಇಲ್ಲ. ಬ್ಯಾಂಡಿನಲ್ಲಿ ಸಾಮಾನ್ಯವಾಗಿ ಕಾಣುವುದು ಬಿ ಫ್ಲ್ಯಾಟ್ ಶ್ರುತಿಯ ಕ್ಲಾರಿನೆಟ್. ಸುಮಾರು 66 ಸೆಂಟಿಮೀಟರ್ ಉದ್ದ, ತೂಕ ಮುಕ್ಕಾಲು ಕೆಜಿ ಆಸುಪಾಸು. ಅಷ್ಟೇ ತಾನೇ ಅನ್ನಿಸಬಹುದು, ಆದರೆ ಆ ಭಾರ ಹೆಚ್ಚುಕಡಿಮೆ ಎಲ್ಲ ಬಲಗೈ ಹೆಬ್ಬೆರಳೊಂದರ ಮೇಲೆ ಕೂರುತ್ತದೆ. ನನ್ನ ಮಗಳು ಹತ್ತು ನಿಮಿಷ ಹಿಡಿದು ಕೆಳಗಿಟ್ಟಾಗ ಹೆಬ್ಬೆರಳಿನ ಗೆಣ್ಣಿನ ಹತ್ತಿರ ಕೆಂಪಗೆ ಬರೆ ಬಿದ್ದಿತ್ತು. ಕೊರಳಿಗೆ ಹಾಕುವ ಪಟ್ಟಿ ಇದ್ದರೆ ಈ ತೊಂದರೆ ಎಷ್ಟೋ ಕಡಿಮೆ.

ನಿಜವಾದ ಪರೀಕ್ಷೆ ಬೆರಳ ತುದಿಯದು. ತೂತಿನ ಅಂಚಿನಲ್ಲಿ ಕೂದಲೆಳೆಯಷ್ಟು ಸಂದಿ ಉಳಿದರೂ ಸ್ವರ ಬರಲ್ಲ, ಕೀಂಯ್ ಅನ್ನುತ್ತದೆ. ಬಲಗೈ ಉಂಗುರದ ಬೆರಳಿನ ತೂತು ಎಲ್ಲಕ್ಕಿಂತ ದೊಡ್ಡದು, ಮಕ್ಕಳು ಸೋಲುವುದು ಅಲ್ಲೇ. ಮಗನನ್ನು ಅಂಗಡಿಗೆ ಕರೆದುಕೊಂಡು ಹೋಗಿ, ಎಲ್ಲ ತೂತು ಮುಚ್ಚಿ ಸ್ವಲ್ಪ ಒತ್ತಿ ಹಿಡಿಯಲು ಹೇಳಿ, ಆಮೇಲೆ ಬೆರಳು ತಿರುಗಿಸಿ ನೋಡಿ. ತುದಿಯಲ್ಲಿ ಬಳೆಯಂಥ ಗುರುತು ಪೂರ್ತಿ ಮೂಡಿರಬೇಕು. ಅರ್ಧಚಂದ್ರ ಮೂಡಿದರೆ ಇನ್ನೂ ಕಾಯಬೇಕು. ಹಲ್ಲೂ ನೋಡಿ. ಮೇಲಿನ ಮುಂದಿನ ಹಲ್ಲು ಮೌತ್‌ಪೀಸಿನ, ಅಂದರೆ ಬಾಯಿಗಿಟ್ಟು ಊದುವ ತುದಿಯ, ಮೇಲೆ ಊರಬೇಕು, ಏಳು ವರ್ಷಕ್ಕೆ ಹಾಲುಹಲ್ಲು ಬಿದ್ದು ಬಾಯಿ ಖಾಲಿ ಇರುತ್ತದೆ ಅಲ್ವಾ?

ಅಲ್ಲಿಯವರೆಗೆ ಕೊಳಲಿನಂಥ ರೆಕಾರ್ಡರ್ ವಾದ್ಯ ಒಂದು ಕೊಡಿಸಿ. ತೂತು ಮುಚ್ಚುವುದು, ಉಸಿರು ಹಿಡಿಯುವುದು, ನಾಲಿಗೆಯಿಂದ ಸ್ವರ ಬಿಡಿಸುವುದು ಎಲ್ಲ ಅದರಲ್ಲೇ ಬರುತ್ತದೆ. ಕ್ಲಾರಿನೆಟ್ಟೇ ಆಗಬೇಕು ಅಂದರೆ ಮಕ್ಕಳಿಗೆಂದೇ ಮಾಡಿದ ಹಗುರವಾದ ಪ್ಲಾಸ್ಟಿಕ್ಕಿನ ಸಿ ಶ್ರುತಿಯ ಕ್ಲಾರಿನೆಟ್ ಇದೆ, ನುವೋ ಕಂಪನಿಯ ಕ್ಲಾರಿನಿಯೋ ಅಂಥದ್ದು. ಚಿಕ್ಕದಾಗಿದೆ ಅಂತ ಇ ಫ್ಲ್ಯಾಟ್ ಕ್ಲಾರಿನೆಟ್ ಮಾತ್ರ ತರಬೇಡಿ, ಅದನ್ನು ಶ್ರುತಿಯಲ್ಲಿ ನಿಲ್ಲಿಸುವುದು ದೊಡ್ಡವರಿಗೇ ಕಷ್ಟ.

ನಾನು ಮಾಡಿದ ತಪ್ಪು ಹೇಳಿಬಿಡುತ್ತೇನೆ. ಮೊದಲ ಸಲ ಫೋಟೋ ನೋಡಿ, ಹೆಸರೇ ಕೇಳಿರದ ಕಂಪನಿಯದೊಂದನ್ನು ಅಗ್ಗಕ್ಕೆ ತರಿಸಿದೆ. ಎರಡೇ ತಿಂಗಳಿಗೆ ಕೀಲಿಗಳು ಬಾಗಿದವು, ಕೀಲಿಗಳ ಕೆಳಗೆ ತೂತು ಮುಚ್ಚುವ ಮೆತ್ತನೆಯ ಪ್ಯಾಡ್‌ಗಳಿಂದ ಗಾಳಿ ಸೋರುತ್ತಿತ್ತು. ಮಗಳು ತನಗೇ ನುಡಿಸಲು ಬರಲ್ಲ ಅಂತ ಅತ್ತಳು. ದುಡ್ಡು ಹೋದದ್ದಕ್ಕಿಂತ ಅದೇ ನನಗೆ ಜಾಸ್ತಿ ನೋವು. ಆಮೇಲೆ ಅವಳ ಕೈ ಬೆಳೆಯುವವರೆಗೆ ಕಾದು, ಒಳ್ಳೆಯ ಕಂಪನಿಯ ಸೆಕೆಂಡ್ ಹ್ಯಾಂಡ್ ಪ್ಲಾಸ್ಟಿಕ್ ಕ್ಲಾರಿನೆಟ್ ತಂದೆವು. ಯಮಹಾ 255 ಥರದ್ದು ಸಾಕು. ಮರದ್ದಕ್ಕೆ ತೇವ ಏರುಪೇರಾದರೆ ಬಿರುಕು ಬಿಡುವ ಭಯ ಇದೆ, ಈಗಲೇ ಬೇಡ.

ಹಳೆಯದು ಕೊಳ್ಳುವಾಗ ತೆಳು ಕಾಗದದ ಒಂದು ಚೂರು ಜೇಬಲ್ಲಿರಲಿ. ಪ್ಯಾಡ್ ಕೆಳಗೆ ಇಟ್ಟು, ಮೆಲ್ಲಗೆ ಮುಚ್ಚಿ, ಎಳೆಯಿರಿ. ಸುತ್ತಲೂ ಒಂದೇ ಸಮ ಹಿಡಿದುಕೊಳ್ಳಬೇಕು, ಎಲ್ಲಾದರೂ ಸಲೀಸಾಗಿ ಜಾರಿದರೆ ಅಲ್ಲಿ ಗಾಳಿ ಸೋರುತ್ತದೆ. ಮದುವೆ ಬ್ಯಾಂಡ್‌ಸೆಟ್ಟಿನವರ ಹತ್ತಿರ ಸಿಂಪಲ್ ಸಿಸ್ಟಂ, ಅಂದರೆ ಹಳೇ ಥರದ ಕೀಲಿ ಜೋಡಣೆಯ ಕ್ಲಾರಿನೆಟ್ ಸಿಕ್ಕರೆ ಜೋಪಾನ. ಈಗಿನ ಪಾಠದ ಪುಸ್ತಕಗಳು ಸಾಮಾನ್ಯವಾಗಿ ಬೋಮ್ ಸಿಸ್ಟಂ ಅನ್ನುವ ಬೇರೆ ಜೋಡಣೆ ಹಿಡಿದು ಬರೆದವು, ಬೆರಳಿನ ವರಸೆ ಹೊಂದಲ್ಲ. ಕ್ಲಾರಿನೆಟ್ ವಿದ್ವಾಂಸ ಎ.ಕೆ.ಸಿ. ನಟರಾಜನ್ ಅವರ ಹಾಗೆ ಕರ್ನಾಟಕ ಸಂಗೀತ ನುಡಿಸುವ ಕನಸಿದ್ದರೆ ಮೊದಲು ಗುರು ಹುಡುಕಿ, ಅವರು ಹೇಳಿದ್ದನ್ನೇ ಕೊಳ್ಳಿ.

ರೀಡ್, ಅಂದರೆ ಮೌತ್‌ಪೀಸಿಗೆ ಕಟ್ಟುವ, ಊದಿದಾಗ ಅದುರುವ ತೆಳು ಪಟ್ಟಿ, ಒಂದೂವರೆ ಅಥವಾ ಎರಡನೇ ನಂಬರ್ ಸಾಕು. ಒಂದೇ ತರಬೇಡಿ, ಮೂರು ತನ್ನಿ. ಮಕ್ಕಳ ಹಲ್ಲಿಗೋ ಅಂಗಿಗೋ ತಗುಲಿ ತುದಿ ಸೀಳುವುದು ಮೊದಲ ವಾರದಲ್ಲೇ.